ರಾತ್ರಿ ಪಾಳಿಯ ದುಡಿಮೆ ಮತ್ತು ನಿಮ್ಮ ಹೃದಯ



ಎದೆನೋವೆಂದು ಆಸ್ಪತ್ರೆಗೆ ಬಂದವರಿಗೆ ವೈದ್ಯರು ಕೆಲವು ಪ್ರಶ್ನೆಗಳನ್ನು ಕೇಳುವುದು ನಿಮಗೆ ಗೊತ್ತಿದೆ. ಬೀಡಿ, ಸಿಗರೇಟು, ಗುಟ್ಕಾ ಅಭ್ಯಾಸವಿದೆಯೇ? ಸಕ್ಕರೆ ಕಾಯಿಲೆ ಇದೆಯೇ? ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೀರಾ? ಮನೆತನದಲ್ಲಿ ಯಾರಿಗಾದರೂ ಹೃದಯಾಘಾತ ಆಗಿತ್ತೇ? ಇವಕ್ಕೆಲ್ಲ ಜನ ಉತ್ತರ ಸಿದ್ಧ ಮಾಡಿಕೊಂಡೇ ಬಂದಿರುತ್ತಾರೆ. ಆದರೆ "ನಿಮ್ಮ ಡ್ಯೂಟಿ ಎಷ್ಟು ಗಂಟೆಗೆ? ರಾತ್ರಿ ಪಾಳಿ ಎಷ್ಟು ವರ್ಷದಿಂದ?" ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಹೃದಯಕ್ಕೂ ಡ್ಯೂಟಿಯ ವೇಳೆಗೂ ಏನು ಸಂಬಂಧ ಎಂಬುದು ಅವರ ಅನುಮಾನ.

ಸಂಬಂಧ ಇದೆ. ಅದನ್ನು ತಿಳಿಸುವುದಕ್ಕಾಗಿಯೇ ಈ ಪತ್ರಿಕೆಯ ಈ ಪುಟಗಳು. ಹಾಸಿಗೆಯಲ್ಲಿರುವ ನೀವು ಓದಿ. ನಿಮಗೆ ಓದಲು ಆಗದಿದ್ದರೆ ಜೊತೆಗಿರುವವರು ಓದಿ ಹೇಳಲಿ.

ಯಾರಿಗೆ ಅನ್ವಯಿಸುತ್ತದೆ?

ರಾತ್ರಿ ಪಾಳಿ ಎಂದೊಡನೆ ಬೆಂಗಳೂರಿನ ಕಾಲ್ ಸೆಂಟರಿನ ಹುಡುಗ ಹುಡುಗಿಯರು ನೆನಪಾಗುತ್ತಾರೆ. ಆದರೆ ನಮ್ಮ ವಾರ್ಡುಗಳಲ್ಲಿ ಮಲಗಿರುವವರನ್ನು ನೋಡಿದರೆ ಚಿತ್ರ ಬೇರೆಯೇ ಇದೆ. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಆರಂಭವಾದರೆ ಹಗಲು ರಾತ್ರಿ ಎನ್ನದೆ ಗಾಣ ತಿರುಗುತ್ತಿರಬೇಕು. ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳು, ತೋರಣಗಲ್ಲಿನ ಉಕ್ಕಿನ ಕುಲುಮೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ಇವು ರಾತ್ರಿ ನಿಲ್ಲುವಂಥವಲ್ಲ. ರಾತ್ರಿ ಬಸ್ಸಿನ ಚಾಲಕರು ಮತ್ತು ನಿರ್ವಾಹಕರು, ಲಾರಿ ಚಾಲಕರು, ಪೊಲೀಸರು, ರೈಲ್ವೆಯವರು, ಎ.ಟಿ.ಎಂ. ಮತ್ತು ಗೋದಾಮಿನ ಕಾವಲುಗಾರರು, ನಸುಕಿನಲ್ಲಿ ಹಾಲಿನ ವ್ಯಾನು ತರುವವರು, ನಿಮ್ಮ ಹಾಸಿಗೆಯ ಪಕ್ಕ ಈಗ ಸಲೈನ್ ಬಾಟಲಿ ಬದಲಿಸಿ ಹೋದ ನರ್ಸ್ ತಾಯಿ, ಎಲ್ಲರೂ ಪಾಳಿಯವರೇ.

ಇನ್ನೊಂದು ವರ್ಗವಿದೆ. ಅವರನ್ನು ಯಾರೂ ಪಾಳಿಯವರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಕಡೆ ಸರದಿಯಂತೆ ಬರುತ್ತದೆ. ಸರದಿ ರಾತ್ರಿ ಬಿದ್ದರೆ ರೈತ ರಾತ್ರಿಯೇ ಹೊಲಕ್ಕೆ ಹೋಗಿ ನೀರು ಹಾಯಿಸಬೇಕು. ಹಗಲು ಮತ್ತೆ ಕಳೆ, ದನ, ಸಂತೆ ಇದ್ದೇ ಇರುತ್ತವೆ. ಇಂಥವರಿಗೆ ಹಾಜರಿ ಪುಸ್ತಕವಿಲ್ಲ, ವಾರದ ರಜೆಯೂ ಇಲ್ಲ. ಅವರ ಮೈ ಮಾತ್ರ ಕಾರ್ಖಾನೆಯ ನೌಕರನ ಮೈಯಂತೆಯೇ ದಣಿಯುತ್ತದೆ.

ಮೈಯೊಳಗಿನ ಗಡಿಯಾರ

ನಮ್ಮ ಮಿದುಳಿನಲ್ಲಿ, ಎರಡು ಕಣ್ಣುಗಳಿಂದ ಬರುವ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಅಕ್ಕಿಕಾಳಿಗಿಂತ ಸಣ್ಣದಾದ ಒಂದು ಭಾಗವಿದೆ. ಅದೇ ದೇಹದ ಮುಖ್ಯ ಗಡಿಯಾರ. ಕಣ್ಣಿಗೆ ಬೀಳುವ ಬೆಳಕಿನಿಂದ ಅದು ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಯುತ್ತದೆ. ಇಷ್ಟೇ ಅಲ್ಲ, ಹೃದಯ, ಯಕೃತ್ತು, ಮೇದೋಜೀರಕ ಗ್ರಂಥಿ, ರಕ್ತನಾಳಗಳ ಗೋಡೆ ಇವುಗಳ ಜೀವಕೋಶಗಳಲ್ಲಿಯೂ ಸಣ್ಣ ಸಣ್ಣ ಗಡಿಯಾರಗಳಿವೆ. ಮುಖ್ಯ ಗಡಿಯಾರ ಇವನ್ನೆಲ್ಲ ಒಂದೇ ತಾಳಕ್ಕೆ ಕೂಡಿಸುತ್ತದೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಅವರು ಅಭ್ಯಾಸ ಮಾಡಿದ್ದು ಹಣ್ಣಿನ ಮೇಲೆ ಕೂಡುವ ಸಣ್ಣ ನೊಣವನ್ನು. ನೊಣಕ್ಕೂ ನಮಗೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಈ ಗಡಿಯಾರದ ಪ್ರಕಾರ ಕತ್ತಲಾದ ಮೇಲೆ ಮೆಲಟೋನಿನ್ ಎಂಬ ರಸದೂತ ರಕ್ತದಲ್ಲಿ ಹೆಚ್ಚುತ್ತದೆ, ನಿದ್ದೆ ಬರುತ್ತದೆ. ಮೈಯ ಕಾವು ಇಳಿದು ಬೆಳಗಿನ ಜಾವ ಅತಿ ಕಡಿಮೆಯಾಗುತ್ತದೆ. ಆರೋಗ್ಯವಂತರ ರಕ್ತದೊತ್ತಡ ನಿದ್ದೆಯಲ್ಲಿ ಶೇಕಡಾ 10ರಿಂದ 20ರಷ್ಟು ಇಳಿಯುತ್ತದೆ. ದಿನವಿಡೀ ಒತ್ತಡ ತಡೆದ ರಕ್ತನಾಳಗಳಿಗೆ ಇದೊಂದೇ ವಿಶ್ರಾಂತಿ. ನಸುಕಿನಲ್ಲಿ ಏಳುವ ಹೊತ್ತಿಗೆ ಮತ್ತೊಂದು ರಸದೂತ ಏರಿ, ನಾಡಿ ಮತ್ತು ಒತ್ತಡವನ್ನು ಎಬ್ಬಿಸುತ್ತದೆ.

ರಾತ್ರಿ 10ಕ್ಕೆ ಗೇಟ್ ಪಾಸ್ ಹೊಡೆಸಿ ಒಳಗೆ ಹೋದವನ ಸ್ಥಿತಿ ನೋಡಿ. ಮೈ "ಮಲಗು" ಎನ್ನುತ್ತಿದೆ, ಯಂತ್ರ "ನಿಲ್ಲು" ಎನ್ನುತ್ತಿದೆ. ತಲೆಯ ಮೇಲೆ ಪ್ರಖರ ದೀಪ. ಒತ್ತಡ ಇಳಿಯಬೇಕಾದ ಹೊತ್ತಿನಲ್ಲಿ ಇಳಿಯುವುದಿಲ್ಲ. ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ಹೊರಗೆ ಬಿಸಿಲು, ಮಕ್ಕಳ ಗಲಾಟೆ, ಮಿಕ್ಸರ್ ಸದ್ದು, ತರಕಾರಿ ಗಾಡಿಯವನ ಕೂಗು. ಹಗಲಿನ ನಿದ್ದೆ ರಾತ್ರಿಯ ನಿದ್ದೆಗಿಂತ ಸಾಮಾನ್ಯವಾಗಿ ಒಂದೆರಡು ಗಂಟೆಯಾದರೂ ಕಡಿಮೆಯಾಗಿರುತ್ತದೆ, ಆಳವೂ ಇರುವುದಿಲ್ಲ. "ನನಗೆ ಇದು ರೂಢಿಯಾಗಿಬಿಟ್ಟಿದೆ" ಎಂದು ಬಹಳ ಜನ ಹೇಳುತ್ತಾರೆ. ಎಚ್ಚರವಿರುವುದು ರೂಢಿಯಾಗಿರಬಹುದು. ಆದರೆ ಒಳಗಿನ ಗಡಿಯಾರ ಬಹುತೇಕರಲ್ಲಿ ಪೂರ್ತಿ ತಿರುಗುವುದೇ ಇಲ್ಲ, ಏಕೆಂದರೆ ವಾರದ ರಜೆ ಬಂದೊಡನೆ ಅವರು ಮತ್ತೆ ಹಗಲಿನ ಜೀವನಕ್ಕೆ ಮರಳುತ್ತಾರೆ.

ಅಮೆರಿಕದ ಬಾಸ್ಟನ್ನಿನಲ್ಲಿ ವಿಜ್ಞಾನಿಗಳು 10 ಜನ ಆರೋಗ್ಯವಂತರನ್ನು ಬಿಸಿಲು ಕಾಣದ ಕೋಣೆಗಳಲ್ಲಿ ಇರಿಸಿ, 28 ಗಂಟೆಗೊಂದು ದಿನ ಎಂಬಂತೆ ಊಟ ನಿದ್ದೆ ಮಾಡಿಸಿದರು. ನಾಲ್ಕೈದು ದಿನಗಳಲ್ಲಿ ಅವರ ವೇಳಾಪಟ್ಟಿ ದೇಹದ ಗಡಿಯಾರಕ್ಕೆ ಪೂರ್ತಿ ತಿರುವುಮುರುವಾಯಿತು. ಆಗ ಅವರ ರಕ್ತದೊತ್ತಡ ಏರಿತು, ಊಟದ ನಂತರದ ಸಕ್ಕರೆ ಏರಿತು, ಕೆಲವರ ಸಕ್ಕರೆ ಮಧುಮೇಹದ ಹೊಸ್ತಿಲಿಗೇ ಬಂದು ನಿಂತಿತು. 2009ರಲ್ಲಿ ಪ್ರಕಟವಾದ ಅಭ್ಯಾಸವಿದು. ನೆನಪಿಡಿ, ಅವರಲ್ಲಿ ಯಾರೂ ರೋಗಿಗಳಾಗಿರಲಿಲ್ಲ.

ವರ್ಷಗಳು ಕಳೆದಂತೆ ಏನಾಗುತ್ತದೆ?

ಒಂದು ವಾರದ ರಾತ್ರಿ ಪಾಳಿಯಿಂದ ಹೃದಯ ಕೆಡುವುದಿಲ್ಲ. ಈ ಮಾತು ಮೊದಲೇ ಹೇಳಿಬಿಡುತ್ತೇವೆ, ಏಕೆಂದರೆ ಇಂಥ ಲೇಖನ ಓದಿ ಗಾಬರಿಯಾಗಿ ಕೆಲಸ ಬಿಡುತ್ತೇನೆ ಎನ್ನುವವರೂ ಇದ್ದಾರೆ. ಹಾನಿ ಆಗುವುದು ಹನಿ ಹನಿಯಾಗಿ, ವರ್ಷಗಟ್ಟಲೆ.

ಸ್ವೀಡನ್ ದೇಶದ ಒಂದು ಕಾಗದದ ಕಾರ್ಖಾನೆಯ 504 ಕೆಲಸಗಾರರನ್ನು 15 ವರ್ಷ ಗಮನಿಸಿ 1986ರಲ್ಲಿ ಒಂದು ವರದಿ ಬಂತು. ಪಾಳಿಯಲ್ಲಿ ಕಳೆದ ವರ್ಷಗಳು ಹೆಚ್ಚಾದಂತೆ ಹೃದಯದ ರಕ್ತನಾಳಗಳ ಕಾಯಿಲೆಯೂ ಹೆಚ್ಚಾಗಿತ್ತು. 16ರಿಂದ 20 ವರ್ಷ ಪಾಳಿ ಮಾಡಿದವರಲ್ಲಿ ಅದು ಹಗಲಿನವರಿಗಿಂತ ಎರಡೂವರೆ ಪಟ್ಟಿಗೂ ಮಿಕ್ಕಿತ್ತು. ಆದರೆ ಇದು ಸಣ್ಣ ಗುಂಪು. ಅನಂತರ 2012ರಲ್ಲಿ 34 ಅಭ್ಯಾಸಗಳನ್ನು, ಅಂದರೆ 20 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ, ಪಾಳಿಯವರಲ್ಲಿ ಹೃದಯಾಘಾತ ಶೇಕಡಾ 23ರಷ್ಟು ಹೆಚ್ಚು ಎಂದು ತಿಳಿಯಿತು. ಪಾರ್ಶ್ವವಾಯು ಶೇಕಡಾ 5ರಷ್ಟು ಹೆಚ್ಚು. 2018ರ ಮತ್ತೊಂದು ಒಟ್ಟು ಲೆಕ್ಕದಲ್ಲಿ ಮೊದಲ 5 ವರ್ಷಗಳ ನಂತರ, ಮುಂದಿನ ಪ್ರತಿ 5 ವರ್ಷಕ್ಕೆ ಅಪಾಯ ಸುಮಾರು ಶೇಕಡಾ 7ರಷ್ಟು ಏರುತ್ತ ಹೋಗುವುದು ಕಂಡಿತು. ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಭ್ಯಾಸವೊಂದರಲ್ಲಿ ರಾತ್ರಿ ಪಾಳಿಯವರಿಗೆ ಹೃದಯದ ಬಡಿತ ತಾಳ ತಪ್ಪುವ ಕಾಯಿಲೆಯೂ ಹೆಚ್ಚಾಗಿತ್ತು.

ಈ ಶೇಕಡಾ ಲೆಕ್ಕ ಕೇಳಿ "ನೂರರಲ್ಲಿ 23 ಜನರಿಗೆ ಹೃದಯಾಘಾತ ಆಗುತ್ತದೆ" ಎಂದು ತಿಳಿಯಬೇಡಿ. ಹಗಲು ದುಡಿಯುವ ದೊಡ್ಡ ಗುಂಪೊಂದರಲ್ಲಿ 100 ಜನರಿಗೆ ಹೃದಯಾಘಾತ ಆದರೆ, ಅಷ್ಟೇ ದೊಡ್ಡ ಪಾಳಿಯವರ ಗುಂಪಿನಲ್ಲಿ 123 ಜನರಿಗೆ ಆಗುತ್ತದೆ ಎಂದರ್ಥ. ತಂಬಾಕಿನ ಲೆಕ್ಕ ಇದಕ್ಕಿಂತ ಎಷ್ಟೋ ಭಾರಿ. ಭಾರತವೂ ಸೇರಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಭ್ಯಾಸದ ಪ್ರಕಾರ ಸಿಗರೇಟು ಬೀಡಿ ಸೇದುವವರಿಗೆ ಹೃದಯಾಘಾತದ ಸಂಭವ ಸೇದದವರ ಸುಮಾರು ಮೂರು ಪಟ್ಟು. ರಾತ್ರಿ ಪಾಳಿ ಒಂಟಿಯಾಗಿ ಬಂದರೆ ಸಣ್ಣ ಹೊರೆ. ಕಷ್ಟವೆಂದರೆ ಅದು ಒಂಟಿಯಾಗಿ ಬರುವುದು ಕಡಿಮೆ. ನಿದ್ದೆ ತಡೆಯಲು ಬೀಡಿ, ಬೇಸರ ಕಳೆಯಲು ಗುಟ್ಕಾ, ಗಂಟೆಗೊಂದು ಸಕ್ಕರೆ ಚಹಾ, ಎರಡು ಗಂಟೆ ರಾತ್ರಿಯಲ್ಲಿ ಗಾಡಿಯ ಮಿರ್ಚಿ ಭಜಿ, ಬೆಳಿಗ್ಗೆ ದಣಿವಿಗೆ ನಡಿಗೆ ಬಂದ್. ಒಂದರ ಕೈ ಹಿಡಿದು ಇನ್ನೊಂದು ಮನೆಯೊಳಗೆ ಬರುತ್ತದೆ.

ನಮ್ಮ ಜನರಿಗೆ ಇದು ಹೆಚ್ಚು ಚಿಂತೆಯ ವಿಷಯ ಏಕೆಂದರೆ ಹೃದಯಾಘಾತ ನಮ್ಮಲ್ಲಿ ಬೇಗ ಬರುತ್ತದೆ. ಅದೇ ಅಭ್ಯಾಸದಲ್ಲಿ ಭಾರತ ಮತ್ತು ನೆರೆಯ ದೇಶಗಳ ಜನರಿಗೆ ಮೊದಲ ಹೃದಯಾಘಾತ ಆದ ನಡುವಯಸ್ಸು 53, ಉಳಿದ ದೇಶಗಳಲ್ಲಿ ಸುಮಾರು 59. ಆರು ವರ್ಷ ಎಂದರೆ ಒಬ್ಬ ಮಗನ ಓದು, ಒಬ್ಬ ಮಗಳ ಮದುವೆ.

ಸಮಾಧಾನದ ಸಂಗತಿಯೂ ಇದೆ. ಅಮೆರಿಕದ ಸುಮಾರು 1 ಲಕ್ಷ 89 ಸಾವಿರ ನರ್ಸುಗಳನ್ನು 24 ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, 10 ವರ್ಷ ಅಥವಾ ಹೆಚ್ಚು ಕಾಲ ತಿಂಗಳಿಗೆ ಕೆಲವು ರಾತ್ರಿ ಡ್ಯೂಟಿ ಮಾಡಿದವರಲ್ಲಿ ಹೃದಯದ ಕಾಯಿಲೆ ಶೇಕಡಾ 15ರಿಂದ 18ರಷ್ಟು ಹೆಚ್ಚಿತ್ತು. ಆದರೆ ರಾತ್ರಿ ಡ್ಯೂಟಿ ಬಿಟ್ಟು ವರ್ಷಗಳು ಕಳೆದಂತೆ ಆ ಹೆಚ್ಚುವರಿ ಅಪಾಯ ಇಳಿಯುತ್ತ ಬಂದಿತ್ತು. ಅಂದರೆ "ಇಪ್ಪತ್ತು ವರ್ಷ ಆಗಿಹೋಯಿತು, ಇನ್ನೇನು" ಎನ್ನುವ ಮಾತಿಗೆ ಅರ್ಥವಿಲ್ಲ.

ಬೆಳಗಿನ ಜಾವದ "ಗ್ಯಾಸ್ಟ್ರಿಕ್"

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ರಾತ್ರಿ ಪಾಳಿಯವರಿಗೆ ಹೊಟ್ಟೆಯುರಿ, ಹುಳಿತೇಗು ಸಾಮಾನ್ಯ. ಹೊತ್ತಲ್ಲದ ಹೊತ್ತಿನ ಊಟ, ಖಾಲಿ ಹೊಟ್ಟೆಯ ಚಹಾ ಇದಕ್ಕೆ ಕಾರಣ. ಆದ್ದರಿಂದ ಎದೆಯ ನಡುವೆ ಏನೇ ಆದರೂ ಅವರು ಅದನ್ನು ಗ್ಯಾಸ್ಟ್ರಿಕ್ ಎಂದೇ ತಿಳಿಯುತ್ತಾರೆ. ಜೇಬಿನಲ್ಲಿ ಮಾತ್ರೆ ಇರುತ್ತದೆ, ಇಲ್ಲದಿದ್ದರೆ ಜೊತೆಯವನು ಸೋಡಾ ಕುಡಿಸುತ್ತಾನೆ. ನಾಲ್ಕು ಗಂಟೆಗೆ ಆರಂಭವಾದ ನೋವನ್ನು ಆರಕ್ಕೆ ಪಾಳಿ ಮುಗಿಯುವವರೆಗೆ ಹಲ್ಲು ಕಚ್ಚಿ ತಡೆದು, ಬೈಕಿನಲ್ಲಿ ಊರಿಗೆ ಹೋಗಿ, ಸ್ನಾನ ಮಾಡಿ, ಮಲಗಿ ನೋಡಿ, ಹನ್ನೊಂದಕ್ಕೆ ಇಲ್ಲಿಗೆ ಬರುತ್ತಾರೆ. ಇ.ಸಿ.ಜಿ. ತೆಗೆದಾಗ ಹೃದಯದ ಒಂದು ಭಾಗ ಸತ್ತಿರುತ್ತದೆ. ಬದುಕುತ್ತಾರೆ, ಆದರೆ ಮುಂಚಿನ ಹೃದಯ ಮರಳಿ ಬರುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಭಾರ ಎತ್ತುವಂತಿಲ್ಲ, ಕೊನೆಗೆ ಕೆಲಸವೇ ಬಿಡಬೇಕಾಗುತ್ತದೆ. ಪಾಳಿ ನಡುವೆ ಬಿಟ್ಟರೆ ಅರ್ಧ ದಿನದ ಸಂಬಳ ಹೋಗುತ್ತದೆ, ಸೂಪರ್‌ವೈಸರ್ ಬೈಯುತ್ತಾರೆ ಎಂಬ ಅಂಜಿಕೆಗೆ ಕೊಟ್ಟ ಬೆಲೆ ಅದು.

ಹೃದಯಾಘಾತಗಳು ನಸುಕಿನಿಂದ ಮಧ್ಯಾಹ್ನದವರೆಗಿನ ಹೊತ್ತಿನಲ್ಲಿ ಹೆಚ್ಚು ಎಂಬುದು 1985ರಿಂದಲೇ ತಿಳಿದ ಸಂಗತಿ. ಆದ್ದರಿಂದ ಎದೆಯ ನಡುವೆ ಬಿಗಿತ, ಒತ್ತಿದಂಥ ಭಾರ ಅಥವಾ ಉರಿ 10-15 ನಿಮಿಷಕ್ಕೂ ಹೆಚ್ಚು ಇದ್ದರೆ, ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಇಳಿದರೆ, ತಣ್ಣನೆಯ ಬೆವರು, ವಾಕರಿಕೆ, ಉಸಿರುಕಟ್ಟುವಿಕೆ ಜೊತೆಗಿದ್ದರೆ ಅದು ಹೃದಯಾಘಾತವೆಂದೇ ತಿಳಿದು ಹೊರಡಿ. ಹೆಣ್ಣುಮಕ್ಕಳಿಗೆ ಮತ್ತು ಸಕ್ಕರೆ ಕಾಯಿಲೆಯವರಿಗೆ ಎದೆನೋವು ಇಲ್ಲದೆ ಬರೀ ಸುಸ್ತು, ಬೆವರು, ದಮ್ಮು ಆಗಿಯೂ ಬರಬಹುದು. ಗ್ಯಾಸ್ಟ್ರಿಕ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಇ.ಸಿ.ಜಿ. ಯಂತ್ರದ ಕೆಲಸ, ನಿಮ್ಮದಲ್ಲ, ನಿಮ್ಮ ಗೆಳೆಯರದೂ ಅಲ್ಲ. ಗ್ಯಾಸ್ಟ್ರಿಕ್ ಎಂದೇ ತಿಳಿದರೂ ನಿಮ್ಮನ್ನು ಯಾರೂ ನಗುವುದಿಲ್ಲ. ಸ್ವತಃ ಬೈಕ್ ಓಡಿಸಬೇಡಿ. 108ಕ್ಕೆ ಕರೆ ಮಾಡಿ, ಅಥವಾ ಕಾರ್ಖಾನೆಯ ವಾಹನ ಕೇಳಿ. ಹತ್ತಿರದ ತಾಲೂಕು ಆಸ್ಪತ್ರೆಯಾದರೂ ಸರಿ, ಮೊದಲು ಅಲ್ಲಿಗೆ ಮುಟ್ಟಿ. ರಾಜ್ಯ ಸರ್ಕಾರ 2023-24ರಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ತಜ್ಞರಿಗೆ ಕಳಿಸಿ, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದೆ. ಈ ಚುಚ್ಚುಮದ್ದು ಮೊದಲ ಒಂದೆರಡು ಗಂಟೆಗಳಲ್ಲಿ ಮಾಡುವಷ್ಟು ಕೆಲಸವನ್ನು ಆಮೇಲೆ ಮಾಡುವುದಿಲ್ಲ.

ಊಟದ ವೇಳೆ

ರಾತ್ರಿ ಹೊತ್ತು ಮೇದೋಜೀರಕ ಗ್ರಂಥಿಯೂ ಅರೆನಿದ್ದೆಯಲ್ಲಿ ಇರುತ್ತದೆ. ಹಗಲು ಉಂಡ ಅದೇ ಅನ್ನವನ್ನು ರಾತ್ರಿ ಎರಡಕ್ಕೆ ಉಂಡರೆ ರಕ್ತದಲ್ಲಿ ಸಕ್ಕರೆ ಹೆಚ್ಚು ಏರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. 2021ರಲ್ಲಿ ಪ್ರಕಟವಾದ ಒಂದು ಅಭ್ಯಾಸದಲ್ಲಿ 19 ಜನರಿಗೆ ಕೃತಕವಾಗಿ ರಾತ್ರಿ ಪಾಳಿ ಮಾಡಿಸಿದರು. ರಾತ್ರಿಯೂ ಉಂಡವರ ಸಕ್ಕರೆ ಏರಿತು. ಪಾಳಿ ರಾತ್ರಿಯದೇ ಆದರೂ ಊಟವನ್ನು ಹಗಲಿನಲ್ಲಿಯೇ ಮುಗಿಸಿದವರ ಸಕ್ಕರೆ ಏರಲಿಲ್ಲ. ಅದೇ ತಂಡ 2025ರಲ್ಲಿ ರಕ್ತದೊತ್ತಡ ಮತ್ತು ರಕ್ತ ಹೆಪ್ಪುಗಟ್ಟುವ ಲಕ್ಷಣಗಳ ಬಗ್ಗೆಯೂ ಇದೇ ರೀತಿಯ ಫಲಿತಾಂಶ ಕಂಡಿತು. ಇವು ಸಣ್ಣ ಅಭ್ಯಾಸಗಳೇ, ಆದರೂ ಖರ್ಚಿಲ್ಲದ ಉಪಾಯವಾದ್ದರಿಂದ ಮಾಡಿನೋಡಲು ಅಡ್ಡಿಯಿಲ್ಲ.

ಡ್ಯೂಟಿಗೆ ಹೊರಡುವ ಮುಂಚೆ, ಸಂಜೆ ಏಳೆಂಟರೊಳಗೆ ಮುಖ್ಯ ಊಟ ಮುಗಿಸಿ. ಜೋಳದ ರೊಟ್ಟಿ, ಕಾಳು ಪಲ್ಯ, ಸೊಪ್ಪು, ಮಜ್ಜಿಗೆ ಇರಲಿ. ಹೊಟ್ಟೆಯಲ್ಲಿ ನಿಲ್ಲುವುದು ರೊಟ್ಟಿಯೇ ಹೊರತು ಬ್ರೆಡ್ಡಲ್ಲ. ನಡುರಾತ್ರಿ ಹಸಿವಾದರೆ ಮನೆಯಿಂದ ಒಯ್ದ ಮೊಳಕೆ ಹೆಸರುಕಾಳು, ಒಂದು ಹಿಡಿ ಹುರಿಗಡಲೆ ಅಥವಾ ಶೇಂಗಾ, ಸೌತೆಕಾಯಿ, ನೀರು ಮಜ್ಜಿಗೆ ಸಾಕು. ಭಜಿ, ಬಿಸ್ಕತ್ತು, ತಂಪು ಪಾನೀಯ ಬೇಡ. ಚಹಾ ಪಾಳಿಯ ಮೊದಲ ಅರ್ಧದಲ್ಲಿ ಕುಡಿಯಿರಿ, ರಾತ್ರಿ ಎರಡರ ನಂತರ ಬೇಡ. ನಾಲ್ಕರ ಚಹಾ ಎಂಟರ ನಿದ್ದೆಯನ್ನು ಕದಿಯುತ್ತದೆ. ಬೆಳಿಗ್ಗೆ ಮನೆಗೆ ಬಂದು ಸ್ನಾನ, ಪೂಜೆ ಮಾಡುವ ಪದ್ಧತಿ ಇದ್ದವರು ಮುಗಿಸಿಕೊಂಡು, ಹಗುರಾಗಿ ಒಂದಿಷ್ಟು ತಿಂದು ಮಲಗಿ. ಹೊಟ್ಟೆ ತುಂಬ ಉಪ್ಪಿಟ್ಟು ಉಂಡು ಮಲಗಿದರೆ ಹುಳಿತೇಗು ಖಚಿತ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ವೇಳೆಯನ್ನು ತಾವಾಗಿಯೇ ಬದಲಾಯಿಸಬೇಡಿ. ಮಾತ್ರೆ ನುಂಗಿ ಉಣ್ಣದೆ ಮಲಗಿದರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಮೊದಲು ವೈದ್ಯರಿಗೆ ಪಾಳಿಯ ವೇಳೆ ತಿಳಿಸಿ, ಅವರು ಹೊಂದಿಸಿ ಬರೆದುಕೊಡುತ್ತಾರೆ.

ನಿದ್ದೆ: ಇದು ಮನೆಯವರಿಗೆ

ಹಗಲು ಮಲಗುವವನನ್ನು ನಮ್ಮ ಊರುಗಳಲ್ಲಿ ಸೋಮಾರಿ ಎಂದು ನೋಡುವ ರೂಢಿ ಇನ್ನೂ ಹೋಗಿಲ್ಲ. ಹತ್ತು ಗಂಟೆಗೆ ಯಾರೋ ಬೀಗರು ಬರುತ್ತಾರೆ, "ಎಬ್ಬಿಸ್ರಿ, ಮಾತಾಡಿಸಿ ಹೋಗ್ತೀವಿ" ಎನ್ನುತ್ತಾರೆ. ಗ್ಯಾಸ್ ಸಿಲಿಂಡರ್ ಬರುತ್ತದೆ, ಮಗುವನ್ನು ಶಾಲೆಯಿಂದ ಕರೆತರಬೇಕಾಗುತ್ತದೆ. ಮೂರು ಕಡೆ ಮುರಿದ ಏಳು ಗಂಟೆಯ ನಿದ್ದೆ ಏಳು ಗಂಟೆಯ ನಿದ್ದೆಯಲ್ಲ. ತಾಯಂದಿರೇ, ಅಕ್ಕಂದಿರೇ, ಗಂಡನೋ ಮಗನೋ ರಾತ್ರಿ ದುಡಿದು ಬಂದಿದ್ದರೆ ಆ ಐದಾರು ಗಂಟೆಯನ್ನು ಕಾಯಿರಿ. ಕಿಟಕಿಗೆ ಹಳೆಯ ದಪ್ಪ ಸೀರೆ ಅಥವಾ ಚಾದರ ಕಟ್ಟಿ ಕತ್ತಲು ಮಾಡಿ. ಫೋನನ್ನು ಬೇರೆ ಕೋಣೆಯಲ್ಲಿಡಿ. ರಾತ್ರಿ ದುಡಿಯುವವಳು ಹೆಂಡತಿಯಾಗಿದ್ದರೆ ಇದನ್ನೆಲ್ಲ ಗಂಡಂದಿರು ಮಾಡಬೇಕು. ನಮ್ಮ ಅನುಭವದಲ್ಲಿ ಹೆಣ್ಣುಮಕ್ಕಳಿಗೆ ಈ ಭಾಗ್ಯ ಅಪರೂಪ. ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಹೋದ ಆಯಾ, ಮನೆಯಲ್ಲಿ ಒಲೆ ಹಚ್ಚಿ, ಬಟ್ಟೆ ಒಗೆದು, ಮಧ್ಯಾಹ್ನ ಎರಡು ಗಂಟೆ ಮಾತ್ರ ಒರಗಿ ಮತ್ತೆ ಬರುತ್ತಾಳೆ.

ಒಂದೇ ಸಲಕ್ಕೆ ಆರೇಳು ಗಂಟೆ ಸಿಗದಿದ್ದರೆ, ಬೆಳಿಗ್ಗೆ ನಾಲ್ಕೈದು ಗಂಟೆ ಮತ್ತು ಡ್ಯೂಟಿಗೆ ಹೋಗುವ ಮುಂಚೆ ಸಂಜೆ ಒಂದೂವರೆ ಗಂಟೆ ಮಲಗಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಬರುವುದು ಕಂಡರೆ ಮನೆಯವರು ವೈದ್ಯರಿಗೆ ಹೇಳಬೇಕು. ಮಲಗಿದವನಿಗೆ ಅದು ತಿಳಿಯುವುದಿಲ್ಲ, ಹೃದಯಕ್ಕೆ ಮಾತ್ರ ಅದು ಬೇರೆಯೇ ಪೆಟ್ಟು. ನಿದ್ದೆಗೆಂದು ಮದ್ಯ ಸೇವಿಸುವವರಿದ್ದಾರೆ. ಮದ್ಯದಿಂದ ಮಂಪರು ಬರುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆ ಮಾತ್ರೆಯನ್ನೂ ಅಂಗಡಿಯಿಂದ ತಾವಾಗಿಯೇ ತಂದು ನುಂಗಬೇಡಿ.

ಪಾಳಿ ಬದಲಾಗುವ ಕ್ರಮವೂ ಮುಖ್ಯ. ಬೆಳಗಿನ ಪಾಳಿ, ಆಮೇಲೆ ಮಧ್ಯಾಹ್ನದ್ದು, ಆಮೇಲೆ ರಾತ್ರಿಯದು, ಹೀಗೆ ಮುಂದೆ ಮುಂದೆ ಸರಿದರೆ ದೇಹಕ್ಕೆ ಸುಲಭ. ಹಿಂದುಮುಂದಾಗಿ ಬಂದರೆ ಕಷ್ಟ. ಇದು ಆಡಳಿತದವರ ಕೈಯಲ್ಲಿರುವ ವಿಷಯ. ಯೂನಿಯನ್ ಮುಖಂಡರು ಸಂಬಳದ ಜೊತೆಗೆ ಇದನ್ನೂ ಕೇಳಬಹುದು, ಮಾಲೀಕರಿಗೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಡಬಲ್ ಡ್ಯೂಟಿಯ ಮಾತು ಬೇರೆ. ಅಲ್ಲಿ ಆಸೆ ನಮ್ಮದೂ ಇರುತ್ತದೆ. ಆಯ್ದಕ್ಕಿ ಮಾರಯ್ಯ ಶರಣರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಹಾಕಿಬರಲು ಕಳಿಸಿದ ಕಥೆ ನಿಮಗೆಲ್ಲ ಗೊತ್ತಿದೆ. ಕಾಯಕಕ್ಕೂ ಒಂದು ಅಳತೆ ಇದೆ ಎಂದು ಆ ತಾಯಿಗೆ ತಿಳಿದಿತ್ತು. ಸಾಲದ ಕಂತು ಇರುವವರಿಗೆ ಓ.ಟಿ. ಬಿಡಿ ಎನ್ನುವುದು ಸುಲಭವಲ್ಲ, ನಮಗೂ ಗೊತ್ತು. ಆದರೆ ಒಮ್ಮೆ ಹೃದಯಾಘಾತವಾದವರು, ಬಿ.ಪಿ. ಹತೋಟಿಗೆ ಬಾರದವರು ಹದಿನಾರು ಗಂಟೆಯ ಡ್ಯೂಟಿ ಮಾಡಲೇಬಾರದು.

ಮಾತ್ರೆ ಮತ್ತು ತಪಾಸಣೆ

"ಬೆಳಿಗ್ಗೆ ಒಂದು" ಎಂದು ಚೀಟಿಯಲ್ಲಿ ಬರೆದಿದ್ದರೆ ಪಾಳಿಯವರಿಗೆ ಗೊಂದಲ. ಬೆಳಿಗ್ಗೆ ಎಂದರೆ ಮಲಗುವ ಹೊತ್ತು, ಆದ್ದರಿಂದ ಎಷ್ಟೋ ಮಾತ್ರೆ ತಪ್ಪುತ್ತವೆ. ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳಬೇಕೋ ರಾತ್ರಿಯೋ ಎಂದು ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯಾಘಾತ, ಪಾರ್ಶ್ವವಾಯು ತಡೆಯುವುದರಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮರೆಯದಂಥ ಒಂದು ಹೊತ್ತನ್ನು ವೈದ್ಯರ ಜೊತೆ ಕೂಡಿ ಗೊತ್ತು ಮಾಡಿಕೊಳ್ಳಿ, ಯಾವ ಪಾಳಿ ಇದ್ದರೂ ಅದೇ ಹೊತ್ತು ಇರಲಿ. ಸಂಜೆ ಊಟದ ತಾಟಿನ ಪಕ್ಕ ಇಟ್ಟರೆ ಮೂರೂ ಪಾಳಿಯಲ್ಲಿ ನೆನಪಾಗುವುದು ಬಹಳ ಜನರ ಅನುಭವ, ಮಧ್ಯಾಹ್ನದ ಪಾಳಿಯವರು ಮಾತ್ರ ಡಬ್ಬಿಯಲ್ಲಿ ಒಯ್ಯಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಮಲಗುವ ಮುಂಚೆ ಬೇಡ, ನಿದ್ದೆ ಮುರಿಯುತ್ತದೆ.

ಐದು ವರ್ಷಕ್ಕಿಂತ ಹೆಚ್ಚು ಪಾಳಿ ಮಾಡಿದವರು, ವಯಸ್ಸು 35 ದಾಟಿದ್ದರೆ, ವರ್ಷಕ್ಕೊಮ್ಮೆ ಬಿ.ಪಿ., ಸಕ್ಕರೆ, ರಕ್ತದ ಕೊಬ್ಬು ನೋಡಿಸಿಕೊಳ್ಳಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ಡ್ಯೂಟಿ ಬಿಟ್ಟು ನೇರವಾಗಿ ಬಂದು ಬಿ.ಪಿ. ನೋಡಿಸಿದರೆ ಲೆಕ್ಕ ತಪ್ಪಬಹುದು, ನಿದ್ದೆ ಮಾಡಿ ಬನ್ನಿ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಯನ್ನು ರಾತ್ರಿ ಪಾಳಿ ಇಲ್ಲದ ವಾರದಲ್ಲಿ ಮಾಡಿಸಿ. ರಾತ್ರಿ ಮೂರಕ್ಕೆ ಭಜಿ ತಿಂದು ಏಳಕ್ಕೆ ರಕ್ತ ಕೊಟ್ಟರೆ ಅದು ಖಾಲಿ ಹೊಟ್ಟೆಯಲ್ಲ. ಮೂರು ತಿಂಗಳ ಸರಾಸರಿ ತಿಳಿಸುವ ಪರೀಕ್ಷೆಗೆ ಮಾತ್ರ ಹೊತ್ತಿನ ಕಟ್ಟು ಇಲ್ಲ.

ಹೃದಯಾಘಾತವಾಗಿ ಅಥವಾ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಹೋಗುವವರು, ಕೆಲಸಕ್ಕೆ ಯಾವಾಗ ಹೋಗಬಹುದು ಎಂದು ಮಾತ್ರ ಕೇಳಬೇಡಿ, ಯಾವ ಪಾಳಿಗೆ ಎಂದೂ ಕೇಳಿ. ಎಷ್ಟು ಕಾಲ ಹಗಲು ಪಾಳಿ ಬೇಕೆಂದು ವೈದ್ಯರು ಪತ್ರ ಬರೆದುಕೊಡುತ್ತಾರೆ. ಪತ್ರ ತೋರಿಸಿದರೆ ಕೆಲಸ ಹೋದೀತು ಎಂದು ಅಂಜುವವರು ಅದನ್ನೂ ಮುಚ್ಚಿಡದೆ ಹೇಳಿ. ಬರೆಯುವ ರೀತಿಯನ್ನು ಯೋಚಿಸಬಹುದು.

ರೋಗಿಯ ಪಕ್ಕ ಕುಳಿತವರಿಗೆ

ಒಂದು ವಾರದಿಂದ ವರಾಂಡದಲ್ಲಿ ಚಾಪೆ ಹಾಸಿಕೊಂಡು, ಅರ್ಧ ಕಣ್ಣು ಮುಚ್ಚಿ ರೋಗಿಯನ್ನು ಕಾಯುತ್ತಿರುವವರೇ, ಈಗ ನೀವೂ ಪಾಳಿಯವರೇ. ತಂದೆಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡುವ ಮಗ ತನ್ನ ಬಿ.ಪಿ. ಮಾತ್ರೆಯನ್ನು ಊರಲ್ಲೇ ಬಿಟ್ಟು ಬಂದಿರುತ್ತಾನೆ. ಇದನ್ನು ನಾವು ವಾರಕ್ಕೊಮ್ಮೆಯಾದರೂ ಕಾಣುತ್ತೇವೆ. ಇಬ್ಬರು ಮೂವರು ಬಂಧುಗಳಿದ್ದರೆ ರಾತ್ರಿಗಳನ್ನು ಹಂಚಿಕೊಳ್ಳಿ. ದಾಸೋಹದ ಪ್ರಸಾದವನ್ನು ಹೊತ್ತಿಗೆ ಸರಿಯಾಗಿ ಸ್ವೀಕರಿಸಿ, ಚಹಾ ಬಿಸ್ಕತ್ತಿನಲ್ಲಿ ದಿನ ಕಳೆಯಬೇಡಿ. ನಿಮ್ಮ ಮಾತ್ರೆ ಮುಗಿದಿದ್ದರೆ ವಾರ್ಡಿನ ಸಿಸ್ಟರ್‌ಗೆ ಹೇಳಿ.

ಮುಂದಿನ ಸಲ ಹೊರರೋಗಿ ವಿಭಾಗಕ್ಕೆ ಬರುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಬನ್ನಿ: ಪಾಳಿ ಕೆಲಸ ಎಷ್ಟು ವರ್ಷದಿಂದ, ತಿಂಗಳಿಗೆ ಎಷ್ಟು ರಾತ್ರಿ, ಹಗಲು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ನಿದ್ದೆ, ರಾತ್ರಿ ಏನು ತಿನ್ನುತ್ತೀರಿ, ಮಾತ್ರೆ ಯಾವ ಹೊತ್ತಿಗೆ. ಹೊಲಕ್ಕೆ ರಾತ್ರಿ ನೀರು ಹಾಯಿಸುವವರು ಅದನ್ನೂ ಬರೆಯಿರಿ. ಬರೆಯಲು ಬಾರದವರು ನೋಂದಣಿ ಕೌಂಟರಿನಲ್ಲಿ ಹೇಳಿದರೆ ನಮ್ಮ ಸಿಬ್ಬಂದಿ ಬರೆದುಕೊಡುತ್ತಾರೆ. ಆ ಹಾಳೆಯನ್ನು ನಿಮ್ಮ ಫೈಲಿನಲ್ಲಿ ಇ.ಸಿ.ಜಿ.ಯ ಜೊತೆಗೇ ಇಡಿ.